ಸ್ಕ್ವೂಶ್: ವೆಬ್‌ಸೈಟಿಗೆ ಏರಿಸುವ ಮುಂಚೆ ಚಿತ್ರವನ್ನು ಇಲ್ಲಿ ತೂಗಿ ನೋಡಿ

ಮನೆಯಲ್ಲೇ ಕೂತು ಹೊಲಿಗೆ, ಕಸೂತಿ ಮಾಡುವ ಒಬ್ಬ ಅಕ್ಕನಿಗೆ ಈಚೆಗೆ ವೆಬ್‌ಸೈಟ್ ಮಾಡಿಕೊಟ್ಟೆ. ತಮ್ಮ ಕೆಲಸದ್ದು ಅಂತ ಅವರು 18 ಫೋಟೋ ಕಳಿಸಿದರು. ಎಲ್ಲಾ ಫೋನಿನಲ್ಲಿ ತೆಗೆದದ್ದು. ಒಂದೊಂದೂ 4000 ಪಿಕ್ಸೆಲ್ ಅಗಲ, 3000 ಎತ್ತರ, ಹತ್ತಿರ ಹತ್ತಿರ 5 ಎಂಬಿ. ಬಂದದ್ದನ್ನು ಬಂದ ಹಾಗೇ ಏರಿಸಿದ್ದರೆ ಒಂದು ಪುಟಕ್ಕೇ 90 ಎಂಬಿ. ಕೆಲಸ ಹೇಗಿದೆ ಅಂತ ನೋಡಲು ಬಂದವರು, ಅದರಲ್ಲೂ ನೆಟ್‌ವರ್ಕ್ ಸರಿಯಿಲ್ಲದ ಕಡೆ ನಿಂತು ಫೋನಿನಲ್ಲಿ ನೋಡುವವರು, ಅಷ್ಟು ಹೊತ್ತು ಯಾಕೆ ಕಾಯುತ್ತಾರೆ? ಅವರ ಡೇಟಾ ಖರ್ಚಾಗುವುದು ಬೇರೆ.

ಇಂಥ ಕೆಲಸಕ್ಕೆ ನಾನು ಬಳಸುವುದು ಸ್ಕ್ವೂಶ್, ಚಿತ್ರದ ಫೈಲ್ ಕುಗ್ಗಿಸಿಕೊಡುವ ಒಂದು ವೆಬ್ ಟೂಲ್. ಗೂಗಲ್‌ನ ಕ್ರೋಮ್ ತಂಡದವರು 2018ರಲ್ಲಿ ಹೊರತಂದದ್ದು. ಉಚಿತ, ಓಪನ್ ಸೋರ್ಸ್, ಖಾತೆ ತೆರೆಯುವ ಗೋಜಿಲ್ಲ. ಬ್ರೌಸರಿನಲ್ಲಿ ಪುಟ ತೆರೆದು, ಚಿತ್ರ ಎಳೆದು ಹಾಕಿದರೆ ಕೆಲಸ ಶುರು. ಮೂರ್ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ದಿನಾ ಬಳಸುತ್ತಿದ್ದೇನೆ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಚಿತ್ರಗಳ ವಿಷಯದಲ್ಲಿ ಇದು ಮಾಡಿಕೊಡುವುದು ಎಷ್ಟು, ನಾವೇ ಮಾಡಬೇಕಾದದ್ದು ಎಷ್ಟು ಅನ್ನುವುದೂ ಬಳಸುತ್ತಾ ಬಳಸುತ್ತಾ ನನಗೆ ಗೊತ್ತಾಯಿತು.

ಮೊದಲು ನನಗೆ ತುಂಬಾ ಹಿಡಿಸಿದ್ದು. ಚಿತ್ರ ತೆರೆದ ತಕ್ಷಣ ಪರದೆಯ ನಡುವೆ ಒಂದು ಗೆರೆ ಬರುತ್ತದೆ. ಎಡಗಡೆ ಮೂಲ ಚಿತ್ರ, ಬಲಗಡೆ ಕುಗ್ಗಿಸಿದ್ದು. ಗೆರೆಯನ್ನು ಅತ್ತ ಇತ್ತ ಎಳೆಯುತ್ತಾ ಎರಡನ್ನೂ ಹೋಲಿಸಬಹುದು. ಕೆಳಗೆ ಫೈಲ್ ಎಷ್ಟಿತ್ತು, ಎಷ್ಟಾಯಿತು, ನೂರಕ್ಕೆ ಎಷ್ಟು ಕಡಿಮೆಯಾಯಿತು ಅಂತ ಬರುತ್ತಿರುತ್ತದೆ. ಚಿತ್ರ ಕುಗ್ಗಿಸುವ ಎಷ್ಟೋ ಸೈಟುಗಳು ಫೈಲ್ ತಗೊಂಡು, ತಮಗೆ ತೋಚಿದಷ್ಟು ಹಿಂಡಿ, 'ನೂರಕ್ಕೆ 80 ಉಳಿಸಿದ್ದೇವೆ' ಅಂತ ವಾಪಸ್ ಕೊಡುತ್ತವೆ. ಏನು ಕಳೆದುಕೊಂಡು ಉಳಿಸಿದ್ದು ಅಂತ ನಮಗೆ ಕಾಣುವುದಿಲ್ಲ. ಇಲ್ಲಿ ಕಣ್ಣೆದುರೇ ಕಾಣುತ್ತದೆ.

ಒಂದು ಫೋಟೋ ಹಿಡಿದೇ ಹೇಳುತ್ತೇನೆ. ಕಡು ನೀಲಿ ಬಟ್ಟೆ, ಅದರ ಮೇಲೆ ಕೆಂಪು ದಾರದಲ್ಲಿ ಬಳ್ಳಿ. ಮೊದಲು ಸೈಜ್ ಇಳಿಸಿದೆ. ಇದನ್ನು ಮೊದಲು ಮಾಡಬೇಕು, ಯಾಕೆಂದರೆ ದೊಡ್ಡ ಉಳಿತಾಯ ಇರುವುದೇ ಇಲ್ಲಿ. ಪುಟದಲ್ಲಿ ಆ ಚಿತ್ರ ಕೂರುವ ಜಾಗ 800 ಪಿಕ್ಸೆಲ್ ಅಗಲ. ಈಗಿನ ಫೋನುಗಳ ಪರದೆ ದಟ್ಟವಾಗಿರುವುದರಿಂದ ಅದರ ಎರಡರಷ್ಟು, ಅಂದರೆ 1600 ಇಟ್ಟುಕೊಂಡರೆ ಸಾಕು. 4000 ಗುಣಿಸು 3000 ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. 1600 ಗುಣಿಸು 1200 ಅಂದರೆ 19 ಲಕ್ಷದ 20 ಸಾವಿರ. ಕ್ವಾಲಿಟಿಗೆ ಕೈ ಹಚ್ಚುವ ಮುಂಚೆಯೇ ಆರು ಪಟ್ಟು ಇಳಿದುಹೋಯಿತು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಫೈಲ್ ಎಷ್ಟೇ ಚಿಕ್ಕದಾಗಿದ್ದರೂ, ತೋರಿಸುವ ಹೊತ್ತಿಗೆ ಬ್ರೌಸರ್ ಅದನ್ನು ಬಿಚ್ಚಿ ಒಂದೊಂದು ಪಿಕ್ಸೆಲ್ಲಿಗೂ ಸಾಮಾನ್ಯವಾಗಿ 4 ಬೈಟ್ ಜಾಗ ಕೊಡುತ್ತದೆ. 4000 ಅಗಲದ ಚಿತ್ರವನ್ನು 300 ಕೆಬಿಗೆ ಹಿಂಡಿದರೂ ಫೋನಿನ ಮೆಮೊರಿಯಲ್ಲಿ ಅದು ಪೂರ್ತಿ ಬಿಚ್ಚಿಕೊಂಡಾಗ 48 ಎಂಬಿ. ಹಳೇ ಫೋನು ಪುಟ ಸರಿಸುವಾಗ ತಡವರಿಸುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ಕ್ವಾಲಿಟಿ ಇಳಿಸಿ ಅಗಲವನ್ನು ಹಾಗೇ ಬಿಡುವುದು ಅರ್ಧ ಕೆಲಸ.

ಸೈಜ್ ಆದ ಮೇಲೆ ಮೋಜ್‌ಜೆಪೆಗ್ ಆರಿಸಿದೆ. ಹಳೇ ಜೆಪೆಗ್ ಫೈಲನ್ನೇ ಇನ್ನೂ ಚೆನ್ನಾಗಿ ಕುಗ್ಗಿಸಲು ಮೊಜಿಲ್ಲಾದವರು ಮಾಡಿದ್ದು ಇದು. ಸ್ಕ್ವೂಶ್ ಇದಕ್ಕೆ ತಾನಾಗಿ ಕೊಡುವ ಕ್ವಾಲಿಟಿ 75. ಸಾಮಾನ್ಯ ಫೋಟೋಗೆ ಅಷ್ಟು ಸಾಕು, ಫೈಲ್ ಸುಮಾರು 300 ಕೆಬಿಗೆ ಬಂತು. ಆದರೆ ಕಸೂತಿಯ ಹತ್ತಿರ ಹಿಗ್ಗಿಸಿ ನೋಡಿದರೆ ಕೆಂಪು ದಾರದ ಅಂಚು ನೀಲಿಗೆ ಒಸರಿದ ಹಾಗಿತ್ತು. ಬಣ್ಣ ಬಿಡುವ ಬಟ್ಟೆಯನ್ನು ನೀರಿಗೆ ಹಾಕಿದ ಹಾಗೆ! ಕಣ್ಣಿಗೆ ಬೆಳಕಿನ ವ್ಯತ್ಯಾಸ ಗೊತ್ತಾಗುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸ ಗೊತ್ತಾಗುವುದಿಲ್ಲ, ಅದಕ್ಕೆ ಜೆಪೆಗ್ ಬಣ್ಣದ ಮಾಹಿತಿಯನ್ನು ಒರಟಾಗಿ ಇಟ್ಟುಕೊಂಡು ಜಾಗ ಉಳಿಸುತ್ತದೆ. ಮುಖ, ಮರ, ಆಕಾಶಕ್ಕೆ ತೊಂದರೆಯಿಲ್ಲ. ಕೆಂಪು ದಾರ, ಕೆಂಪು ಅಕ್ಷರ ಇದ್ದರೆ ಎದ್ದು ಕಾಣುತ್ತದೆ. ಸ್ಕ್ವೂಶಿನ ಹೆಚ್ಚಿನ ಸೆಟ್ಟಿಂಗುಗಳನ್ನು ತೆರೆದು, ಬಣ್ಣದ ಮಾಹಿತಿಯನ್ನು ತಾನಾಗಿ ಕಡಿಮೆ ಮಾಡುವ ಆಯ್ಕೆಯ (Auto subsample chroma) ಗುರುತು ತೆಗೆದು, ಅದರ ಪ್ರಮಾಣವನ್ನು 1ಕ್ಕೆ, ಅಂದರೆ ಏನೂ ಕಡಿಮೆ ಮಾಡದ ಹಾಗೆ ಇಟ್ಟೆ. ಫೈಲ್ ಸ್ವಲ್ಪ ಜಾಸ್ತಿಯಾಯಿತು, ದಾರ ಮತ್ತೆ ದಾರದ ಹಾಗೆ ಕಂಡಿತು. ಅದು ಮಾರಾಟಕ್ಕಿರುವ ಕೆಲಸ ಅಲ್ವಾ? ಅಲ್ಲಿ ಉಳಿತಾಯಕ್ಕಿಂತ ಆ ಅಂಚು ಮುಖ್ಯ.

ಆಮೇಲೆ ಜೆಪೆಗ್‌ಗಿಂತ ಹೊಸ ಚಿತ್ರ ಫಾರ್ಮ್ಯಾಟ್‌ಗಳಾದ ವೆಬ್‌ಪಿ, ಎವಿಐಎಫ್ ಕೂಡ ನೋಡಿದೆ. ಎರಡು ಕಡೆಗೂ ಬೇರೆ ಬೇರೆ ಫಾರ್ಮ್ಯಾಟ್ ಕೊಟ್ಟು ಒಂದರ ಎದುರು ಒಂದು ಇಡಬಹುದು, ಇದು ಬಹಳ ಉಪಯೋಗ. ವೆಬ್‌ಪಿಯಲ್ಲಿ 220 ಕೆಬಿ ಹತ್ತಿರ, ಎವಿಐಎಫ್‌ನಲ್ಲಿ 140ರ ಆಸುಪಾಸು. ಸಂಖ್ಯೆ ನೋಡಿದರೆ ಎವಿಐಎಫ್ ಗೆದ್ದಿತು. ಆದರೆ ಹತ್ತಿರದಿಂದ ನೋಡಿದಾಗ ನೀಲಿ ಬಟ್ಟೆಯ ನೇಯ್ಗೆ ಮಾಯವಾಗಿತ್ತು. ಇಸ್ತ್ರಿ ಹಾಕಿ ಹಾಕಿ ಹೊಳಪು ಬಂದ ಬಟ್ಟೆ ಥರ ನುಣುಪಾಗಿತ್ತು. ಈ ಫಾರ್ಮ್ಯಾಟ್ ಎವಿ1 ಅನ್ನುವ ವಿಡಿಯೋ ಕೊಡೆಕ್‌ನಿಂದ, ಅಂದರೆ ವಿಡಿಯೋ ಕುಗ್ಗಿಸುವ ವಿಧಾನದಿಂದ ಬಂದದ್ದು. ಕ್ವಾಲಿಟಿ ಇಳಿಸಿದಾಗ ಜೆಪೆಗ್ ಥರ ಚೌಕ ಚೌಕ ಕಾಣಿಸುವ ಬದಲು ಸಣ್ಣ ವಿವರಗಳನ್ನು ನಯವಾಗಿ ಒರೆಸಿಬಿಡುತ್ತದೆ. ನೋಡುವವರಿಗೆ ಏನೋ ತಪ್ಪಾಗಿದೆ ಅಂತಲೂ ಅನ್ನಿಸುವುದಿಲ್ಲ, ಬಟ್ಟೆಯೇ ಹಾಗಿದೆ ಅಂದುಕೊಳ್ಳುತ್ತಾರೆ. ನಾಳೆ ಕೈಗೆ ಬಂದ ಬಟ್ಟೆ ಬೇರೆ ಥರ ಇದ್ದರೆ ಬೈಸಿಕೊಳ್ಳುವುದು ಹೊಲಿದವರು. ಕ್ವಾಲಿಟಿಯನ್ನು ಸ್ವಲ್ಪ ಏರಿಸಿದೆ, ನೇಯ್ಗೆ ವಾಪಸ್ ಬಂತು, ಫೈಲ್ ಆಗಲೂ ಜೆಪೆಗ್‌ಗಿಂತ ಚಿಕ್ಕದೇ ಇತ್ತು.

ಬ್ರೌಸರುಗಳ ಭಯ ಈಗ ಅಷ್ಟಾಗಿ ಬೇಡ. ವೆಬ್‌ಪಿ 2010ರಲ್ಲಿ ಬಂದರೂ ಸಫಾರಿ ಅದನ್ನು ತೋರಿಸತೊಡಗಿದ್ದು 2020ರಲ್ಲಿ. ಎವಿಐಎಫ್ ಕ್ರೋಮ್‌ಗೆ 2020ರಲ್ಲಿ, ಫೈರ್‌ಫಾಕ್ಸ್‌ಗೆ 2021ರಲ್ಲಿ, ಸಫಾರಿಗೆ 2022ರಲ್ಲಿ ಬಂತು. ತೀರಾ ಹಳೇ ಫೋನಿನವರನ್ನೂ ಬಿಡಬಾರದು ಅಂದರೆ ಪುಟ ಬರೆಯುವ ಎಚ್‌ಟಿಎಂಎಲ್‌ನ ಪಿಕ್ಚರ್ ಟ್ಯಾಗಿನಲ್ಲಿ ಎವಿಐಎಫ್ ಮೊದಲು, ಜೆಪೆಗ್ ಕೊನೆಗೆ ಕೊಡಿ. ಬ್ರೌಸರ್ ತನಗೆ ಅರ್ಥವಾಗುವುದನ್ನು ಎತ್ತಿಕೊಳ್ಳುತ್ತದೆ. ಜೆಪೆಗ್ ಎಕ್ಸ್‌ಎಲ್ ಅನ್ನುವ ಇನ್ನೊಂದು ಹೊಸ ಫಾರ್ಮ್ಯಾಟ್ ಕೂಡ ಸ್ಕ್ವೂಶಿನ ಪಟ್ಟಿಯಲ್ಲಿದೆ, ಸೈಟಿಗೆ ನಾನು ಅದನ್ನು ಇನ್ನೂ ಬಳಸಿಲ್ಲ.

ಸ್ಕ್ರೀನ್‌ಶಾಟ್, ಲೋಗೋ, ಗೆರೆ ಚಿತ್ರಗಳದ್ದು ಬೇರೆ ಲೆಕ್ಕ. ಅವಕ್ಕೆ ಅಂಚು ಕೆಡಿಸದೆ ಉಳಿಸುವ ಪಿಎನ್‌ಜಿ ಸರಿ, ಸಾಧ್ಯವಾದರೆ ಪಿಕ್ಸೆಲ್ ಬದಲು ಗೆರೆ, ಆಕಾರಗಳಾಗಿ ಇಡುವ ಎಸ್‌ವಿಜಿ ಇನ್ನೂ ಸರಿ. ಪಿಎನ್‌ಜಿ ಆದರೆ ಸ್ಕ್ವೂಶಿನಲ್ಲಿ ಬಣ್ಣಗಳ ಸಂಖ್ಯೆ ಇಳಿಸುವ ಸೌಲಭ್ಯ ಇದೆ. ನಾಲ್ಕೈದು ಬಣ್ಣ ಇರುವ ಲೋಗೋಗೆ 16 ಅಥವಾ 32 ಬಣ್ಣ ಕೊಟ್ಟರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಫೈಲ್ ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿಯುವುದುಂಟು.

ಈಗ ಖಾಸಗಿತನದ ವಿಷಯ. ಸ್ಕ್ವೂಶ್ ಚಿತ್ರವನ್ನು ಯಾವ ಸರ್ವರಿಗೂ ಕಳಿಸುವುದಿಲ್ಲ. ವೆಬ್‌ಅಸೆಂಬ್ಲಿ ಅನ್ನುವ ತಂತ್ರದ ಮೂಲಕ ಎಲ್ಲಾ ಕೆಲಸ ನಮ್ಮ ಕಂಪ್ಯೂಟರಿನಲ್ಲೇ, ಬ್ರೌಸರಿನ ಒಳಗೇ ನಡೆಯುತ್ತದೆ. ಒಮ್ಮೆ ಪೂರ್ತಿ ತೆರೆದುಕೊಂಡ ಮೇಲೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಹೌದು, ಸೈಟಿಗೆ ಬಂದುಹೋಗುವವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಇದೆ. ಭೇಟಿಯ ಸಾಮಾನ್ಯ ವಿವರ, ಕುಗ್ಗಿಸುವ ಮುಂಚಿನ ಮತ್ತು ನಂತರದ ಸೈಜ್ ಹೋಗುತ್ತದೆ ಅಂತ ಅವರೇ ಬರೆದುಕೊಂಡಿದ್ದಾರೆ. ಚಿತ್ರ ಹೋಗುವುದಿಲ್ಲ. ಬೇರೆಯವರ ಮನೆಯ ಫೋಟೋ, ಮಕ್ಕಳ ಫೋಟೋ, ಇನ್ನೂ ಪ್ರಕಟವಾಗದ ಕೆಲಸ ಇವನ್ನೆಲ್ಲ ಗೊತ್ತಿಲ್ಲದ ಸೈಟಿಗೆ ಏರಿಸಲು ನನಗೆ ಮನಸ್ಸು ಬರುವುದಿಲ್ಲ, ಹಾಗಾಗಿ ಇದು ನನಗೆ ದೊಡ್ಡ ವಿಷಯ.

ಇದರ ಜೊತೆಗೇ ಬರುವ ಇನ್ನೊಂದು ಸಂಗತಿ ಇದೆ. ಆ ಅಕ್ಕ ಮೊದಲೇ ಹೇಳಿದ್ದರು, 'ಮನೆ ವಿಳಾಸ ಮಾತ್ರ ಎಲ್ಲೂ ಹಾಕಬೇಡಿ, ನಾನೊಬ್ಬಳೇ ಇರ್ತೀನಿ' ಅಂತ. ನಾನೂ ಎಲ್ಲೂ ಹಾಕಿರಲಿಲ್ಲ. ಆದರೆ ಒಂದು ಫೋಟೋದ ವಿವರ ತೆರೆದು ನೋಡಿದರೆ ಒಳಗೆ ಜಿಪಿಎಸ್ ಅಂಕಿಗಳು ಇದ್ದವು. ನಕ್ಷೆಯಲ್ಲಿ ಹಾಕಿದೆ, ನೇರವಾಗಿ ಅವರ ಮನೆಗೇ ಹೋಗಿ ನಿಂತಿತು. ಹದಿನೆಂಟರಲ್ಲೂ ಅದೇ! ಫೋನಿನ ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ಎಕ್ಸಿಫ್ ಅನ್ನುವ ಮಾಹಿತಿಯಲ್ಲಿ ಅದು ಸೇರಿಕೊಳ್ಳುತ್ತದೆ. ವಿಳಾಸ ಬರೆಯಬೇಡಿ ಅಂದವರ ವಿಳಾಸವನ್ನು ಹದಿನೆಂಟು ಕಡೆ ಅಂಟಿಸಿದ ಹಾಗೆ ಆಗುತ್ತಿತ್ತು. ಆವತ್ತು ಕೈ ತಣ್ಣಗಾಯಿತು ನನಗೆ.

ಸ್ಕ್ವೂಶ್ ಚಿತ್ರವನ್ನು ಬರೀ ಪಿಕ್ಸೆಲ್ಲುಗಳಾಗಿ ಬಿಚ್ಚಿ ಹೊಸದಾಗಿ ಕಟ್ಟುವುದರಿಂದ ಈ ಮಾಹಿತಿ ಹೊಸ ಫೈಲಿಗೆ ಬರುವುದಿಲ್ಲ. ಇಳಿಸಿಕೊಂಡ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿದೆ, ಜಿಪಿಎಸ್ ಇರಲಿಲ್ಲ. ನೀವೂ ಏರಿಸುವ ಮುಂಚೆ ಹೀಗೆ ತೆರೆದು ನೋಡುವ ರೂಢಿ ಇಟ್ಟುಕೊಳ್ಳಿ, ಯಾವ ಟೂಲ್ ಬಳಸಿದರೂ ಸರಿ.

ಆದರೆ ಅದೇ ಮಾಹಿತಿಯ ಒಳಗೆ ಫೋಟೋ ತೆಗೆದವರ ಹೆಸರು, ಹಕ್ಕಿನ ವಿವರ ಇದ್ದರೆ ಅದೂ ಹೋಗುತ್ತದೆ. ಇದನ್ನು ಎಲ್ಲರೂ ಗಮನಿಸಬೇಕು ಅಂತ ನನ್ನ ಆಸೆ. ಛಾಯಾಗ್ರಾಹಕರು ಕಷ್ಟಪಟ್ಟು ಫೈಲಿನೊಳಗೆ ಹೆಸರು ಬರೆದಿಟ್ಟಿರುತ್ತಾರೆ. ಸೈಜ್ ಇಳಿಸುವ ಭರದಲ್ಲಿ ನಾವು ಅದನ್ನು ಅಳಿಸಿ, ಪುಟದಲ್ಲೂ ಹೆಸರು ಹಾಕದಿದ್ದರೆ ಆ ಚಿತ್ರ ಅನಾಥ. ಹಾಗಾಗಿ ಹೊರಗಿನ ಚಿತ್ರ ಯಾವುದೇ ಇರಲಿ, ಅದನ್ನು ಸ್ಕ್ವೂಶಿಗೆ ಹಾಕುವ ಮುಂಚೆಯೇ ತೆಗೆದವರ ಹೆಸರು, ಸಿಕ್ಕಿದ ಕೊಂಡಿ, ಪರವಾನಗಿ ಮೂರನ್ನೂ ಒಂದು ಕಡೆ ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಹುಡುಕುತ್ತೇನೆ ಅಂದರೆ ಸಿಗುವುದಿಲ್ಲ.

ಈ ಸೈಟಿನಲ್ಲೇ ಅಂಥದ್ದೊಂದು ಮಾತು ಬಂತು. ಪುಟದ ಮೇಲ್ಗಡೆ ಹಾಕಲು ಅಂತ ಅಕ್ಕ ಒಂದು ಚೆಂದದ ಫೋಟೋ ಕಳಿಸಿದರು. ದೊಡ್ಡ ಕೋಣೆ, ಸಾಲಾಗಿ ಮಿಷನ್‌ಗಳು, ಕಿಟಕಿಯಿಂದ ಬೆಳಕು.

'ಅಕ್ಕಾ, ಇದು ನಿಮ್ಮದಾ?' ಅಂತ ಕೇಳಿದೆ.

'ಇಲ್ಲಪ್ಪ, ಹುಡುಕಿದಾಗ ಸಿಕ್ತು. ಚೆನ್ನಾಗಿದೆ ಅಲ್ವಾ?'

ಚೆನ್ನಾಗೇನೋ ಇತ್ತು. ಆದರೆ ಹುಡುಕಿದಾಗ ಕಂಡ ಮಾತ್ರಕ್ಕೆ ಅದು ಬಳಸಲು ಬಿಟ್ಟ ಚಿತ್ರ ಆಗುವುದಿಲ್ಲ. ಬಳಸಲು ಬಿಟ್ಟವು ಬೇಕಿದ್ದರೆ ವಿಕಿಮೀಡಿಯ ಕಾಮನ್ಸ್, ಓಪನ್‌ವರ್ಸ್, ಅನ್‌ಸ್ಪ್ಲ್ಯಾಶ್ ಥರದ ಕಡೆ ಹುಡುಕಬೇಕು, ಅಲ್ಲೂ ಒಂದೊಂದರ ಪರವಾನಗಿ ಓದಬೇಕು. ಕ್ರಿಯೇಟಿವ್ ಕಾಮನ್ಸ್ ಅಂದರೆ ತಮ್ಮ ಕೃತಿಯನ್ನು ಬೇರೆಯವರು ಬಳಸಲು ಷರತ್ತು ಹಾಕಿ ಬಿಡುವ ಪರವಾನಗಿಗಳು, ಆದರೆ ಎಲ್ಲಾ ಒಂದೇ ಅಲ್ಲ. ಬಿವೈ ಅಂದರೆ ಹೆಸರು ಹಾಕಬೇಕು. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಬಳಸುವ ಹಾಗಿಲ್ಲ, ಅಂದರೆ ಅಕ್ಕನ ಸೈಟಿಗೆ ಅದು ಬೇಡ. ಎನ್‌ಡಿ ಇದ್ದರೆ ಬದಲಾಯಿಸಿ ಹಂಚುವ ಹಾಗಿಲ್ಲ. ಹಾಗಾದರೆ ಕುಗ್ಗಿಸಬಹುದಾ ಅಂತ ಕೆಲವರು ಕೇಳುತ್ತಾರೆ. 4.0 ಆವೃತ್ತಿಯಲ್ಲಿ ಬರೀ ಫಾರ್ಮ್ಯಾಟ್ ಬದಲಿಸುವಂಥ ತಾಂತ್ರಿಕ ಬದಲಾವಣೆಗೆ ಅಡ್ಡಿಯಿಲ್ಲ, ಚಿತ್ರದ ಮೇಲೆ ಬರೆಯುವುದು, ಬಣ್ಣ ತಿದ್ದುವುದು, ಎರಡು ಸೇರಿಸುವುದು ಬೇರೆ ಮಾತು. ಇನ್ನು ಚಿತ್ರದಲ್ಲಿ ಗುರುತು ಸಿಗುವ ಹಾಗೆ ಜನ ಇದ್ದರೆ, ಫೋಟೋ ತೆಗೆದವರ ಅನುಮತಿ ಬೇರೆ, ಆ ಜನರ ಒಪ್ಪಿಗೆ ಬೇರೆ.

ಹಕ್ಕಿನ ಮಾತು ಬದಿಗಿಟ್ಟರೂ ಆ ಫೋಟೋ ನನಗೆ ಬೇಡವಾಗಿತ್ತು. ಅವರದ್ದು ಕಿಟಕಿ ಪಕ್ಕ ಒಂದೇ ಮಿಷನ್ ಇರುವ ಜಾಗ. ಹತ್ತು ಮಿಷನ್ ತೋರಿಸಿದರೆ ನೋಡುವವರು ಬೇರೆ ಏನೋ ನಿರೀಕ್ಷೆ ಮಾಡುತ್ತಾರೆ. ಅವರ ಕೈ, ಸೂಜಿ, ಅರ್ಧ ಮುಗಿದ ಹೂವು ಇಷ್ಟೇ ಇರುವ ಒಂದು ಫೋಟೋ ತೆಗೆಯಲು ಹೇಳಿದೆ. ಮೂರನೇ ಸಲಕ್ಕೆ ಬೆಳಕು ಸರಿ ಬಂತು. ಈಗ ಪುಟದ ಮೇಲೆ ಇರುವುದು ಅದೇ.

ಸ್ಕ್ವೂಶ್ ಮಾಡದ ಕೆಲಸಗಳೂ ಇವೆ. ಒಮ್ಮೆಗೆ ಒಂದೇ ಚಿತ್ರ. ಹದಿನೆಂಟಕ್ಕೆ ಹದಿನೆಂಟು ಸಲ ಕೂರಬೇಕು. ಒಂದು ಕಡೆಯ ಸೆಟ್ಟಿಂಗ್ ಉಳಿಸಿಟ್ಟು ಮತ್ತೆ ತರಬಹುದು, ಅಷ್ಟರ ಮಟ್ಟಿಗೆ ಸಲೀಸು. ಬೇಕಾದ ಭಾಗ ಗುರುತಿಸಿ ಕತ್ತರಿಸುವ ಸೌಲಭ್ಯ ಇಲ್ಲ, ಅದನ್ನು ಬೇರೆ ಕಡೆ ಮಾಡಿಕೊಂಡೇ ಬರಬೇಕು. ಮೊದಲು ಕಮಾಂಡ್ ಲೈನ್ ಆವೃತ್ತಿ, ಅಂದರೆ ಆಜ್ಞೆ ಟೈಪ್ ಮಾಡಿ ನಡೆಸುವುದು, ಇತ್ತು, ಈಗ ಅದರ ನಿರ್ವಹಣೆ ನಿಂತಿದೆ. ನೂರಾರು ಚಿತ್ರ ಇದ್ದರೆ ಒಟ್ಟಿಗೇ ಕುಗ್ಗಿಸಬಲ್ಲ ಶಾರ್ಪ್ ಅಥವಾ ಇಮೇಜ್‌ಮ್ಯಾಜಿಕ್ ಅನ್ನುವ ಟೂಲ್ ಹಿಡಿಯಿರಿ. ನಾನು ಮಾಡುವುದು ಹೀಗೆ: ಎರಡು ಮೂರು ಮಾದರಿ ಚಿತ್ರವನ್ನು ಸ್ಕ್ವೂಶಿನಲ್ಲಿ ಕಣ್ಣಾರೆ ನೋಡಿ ಕ್ವಾಲಿಟಿ ಗೊತ್ತುಮಾಡಿಕೊಂಡು, ಆ ಸಂಖ್ಯೆಯನ್ನು ಮಿಕ್ಕವಕ್ಕೆ ಶಾರ್ಪ್‌ನಲ್ಲಿ ಕೊಡುತ್ತೇನೆ. ಟೂಲಿನಿಂದ ಟೂಲಿಗೆ ಸಂಖ್ಯೆ ಸ್ವಲ್ಪ ಆಚೀಚೆ ಆಗುತ್ತದೆ, ನಾಲ್ಕಾರು ಚಿತ್ರ ತೆಗೆದು ಮತ್ತೆ ನೋಡಿಕೊಳ್ಳಿ.

ಫೈಲ್ ಸಿದ್ಧವಾದ ಮೇಲೆ ಪುಟದಲ್ಲಿ ಕೂರಿಸುವುದು ನಮ್ಮ ಕೆಲಸ. ಅಗಲ ಎತ್ತರ ಎರಡನ್ನೂ ಟ್ಯಾಗಿನಲ್ಲಿ ಬರೆಯಿರಿ. ಬರೆಯದಿದ್ದರೆ ಬ್ರೌಸರಿಗೆ ಎಷ್ಟು ಜಾಗ ಬಿಡಬೇಕು ಅಂತ ಗೊತ್ತಾಗದೆ, ಚಿತ್ರ ಬಂದಾಗ ಓದುತ್ತಿದ್ದ ಸಾಲು ದಡಕ್ಕನೆ ಕೆಳಗೆ ಜಾರುತ್ತದೆ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ ಕೊಡಿ, ಅಂದರೆ ನೋಡುವವರು ಹತ್ತಿರ ಬಂದಾಗಷ್ಟೇ ಚಿತ್ರ ಇಳಿಯುವ ಹಾಗೆ ಮಾಡಿ. ಮೇಲಿನ ದೊಡ್ಡ ಚಿತ್ರಕ್ಕೆ ಮಾತ್ರ ಕೊಡಬೇಡಿ. ಪುಟದ ದೊಡ್ಡ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಅನ್ನುವುದು ಗೂಗಲ್ ಇಟ್ಟಿರುವ ಅಳತೆ, ಆ ದೊಡ್ಡ ಭಾಗ ಹೆಚ್ಚಾಗಿ ಇದೇ ಚಿತ್ರ ಆಗಿರುತ್ತದೆ. ಎಲ್ಲಕ್ಕೂ ಒಂದೇ ಸಲ ಲೇಜಿ ಅಂತ ಹಾಕಿಬಿಡುವುದನ್ನು ಬೇಕಾದಷ್ಟು ನೋಡಿದ್ದೇನೆ.

ಕೊನೆಗೆ ಆಲ್ಟ್ ಪಠ್ಯ, ಅಂದರೆ ಚಿತ್ರ ಕಾಣದವರಿಗಾಗಿ ಟ್ಯಾಗಿನಲ್ಲಿ ಬರೆಯುವ ವಿವರಣೆ. ಇದರ ಬಗ್ಗೆ ನನಗೆ ಜಾಸ್ತಿ ಕಾಳಜಿ ಬಂದದ್ದು ಎನ್‌ವಿಡಿಎ ಅನ್ನುವ, ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡು, ಮಾನಿಟರ್ ಆರಿಸಿ, ನಾನೇ ಮಾಡಿದ ಹಳೇ ಸೈಟ್ ಒಂದನ್ನು ಕಿವಿಯಲ್ಲಿ ಕೇಳಿದ ದಿನ. ಲಿಂಕ್ ಆಗಿದ್ದ ಚಿತ್ರಕ್ಕೆ ಆಲ್ಟ್ ಬರೆದಿರಲಿಲ್ಲ. ಅದು ಫೈಲಿನ ಹೆಸರು, ಅಂಕಿ, ಅಂಡರ್‌ಸ್ಕೋರ್ ಎಲ್ಲಾ ಸೇರಿಸಿ ಓದಿತು. ಹತ್ತು ಚಿತ್ರಕ್ಕೆ ಹತ್ತು ಸಲ. ಎಲ್ಲಿಗೆ ಹೋಗುವ ಲಿಂಕ್ ಅಂತ ನನಗೇ ತಿಳಿಯಲಿಲ್ಲ. ಸೈಟುಗಳು ಎಲ್ಲರಿಗೂ ಬಳಸಲು ಬರಬೇಕು ಅನ್ನುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯಲ್ಲಿ ಆಲ್ಟ್ ಬರೆಯುವುದು 1.1.1, ಮೊದಲನೇ ಮೆಟ್ಟಿಲಾದ ಎ ಮಟ್ಟದ ನಿಯಮ. 'ಕಸೂತಿ ಚಿತ್ರ' ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. 'ಕಡು ನೀಲಿ ಹತ್ತಿ ಬಟ್ಟೆಯ ತೋಳಿನಂಚಿಗೆ ಕೆಂಪು ದಾರದ ಬಳ್ಳಿ, ನಡುವೆ ಸಣ್ಣ ಹಳದಿ ಹೂ' ಅಂದರೆ ಕಾಣದವರೂ ಬೇಕಾ ಬೇಡವಾ ಅಂತ ತೀರ್ಮಾನ ಮಾಡಬಹುದು. ಬರೀ ಅಲಂಕಾರದ ಗೆರೆ, ಮೂಲೆಯ ಹೂವಿಗೆ ಆಲ್ಟ್ ಖಾಲಿ ಬಿಡಿ, ಆದರೆ ಆಲ್ಟ್ ಅನ್ನುವ ಜಾಗ ಇರಲಿ. ಆಗ ಸ್ಕ್ರೀನ್ ರೀಡರ್ ಅದನ್ನು ದಾಟಿ ಮುಂದೆ ಹೋಗುತ್ತದೆ. ಬೆಲೆ, ವೇಳೆ, ಸಂಪರ್ಕ ಇವನ್ನೆಲ್ಲ ಚಿತ್ರದೊಳಗೆ ಬರೆದು ಕೂರಿಸಬೇಡಿ, ಪಠ್ಯವಾಗೇ ಹಾಕಿ. ಫೋಟೋ ಮೇಲೆ ಅಕ್ಷರ ಹಾಕಲೇಬೇಕು ಅಂದರೆ ಹಿಂದೆ ಒಂದು ಗಾಢ ಪದರ ಕೊಟ್ಟು, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನಲ್ಲಿ ಕಡೇಪಕ್ಷ 4.5ಕ್ಕೆ 1ರ ವ್ಯತ್ಯಾಸ ಇದೆಯಾ ಅಂತ ಅಳೆದು ನೋಡಿ.

ಅಕ್ಕನ ಪುಟ ಈಗ ಪೂರ್ತಿ ಸೇರಿ 3 ಎಂಬಿ ಒಳಗಿದೆ. ಮೊದಲು ಕಾಣುವಷ್ಟಕ್ಕೆ ಬೇಕಾದದ್ದು 400 ಕೆಬಿ ಕೂಡ ಇಲ್ಲ. ಅವರಿಗೂ ಸ್ಕ್ವೂಶ್ ಹೇಳಿಕೊಟ್ಟೆ. ಸೈಜ್‌ಗೆ 1600, ಫಾರ್ಮ್ಯಾಟ್‌ಗೆ ವೆಬ್‌ಪಿ, ಆಮೇಲೆ ಗೆರೆ ಎಳೆದು ದಾರದ ಅಂಚು ನೋಡಿ ಅಂತ ಅಷ್ಟೇ ಬರೆದುಕೊಟ್ಟಿದ್ದೆ. ಮೊನ್ನೆ ಹೊಸದೊಂದು ಫೋಟೋ ಕಳಿಸಿದ್ದರು, 212 ಕೆಬಿ. ಜೊತೆಗೆ ಒಂದು ಸಾಲು: 'ಬಿಳಿ ಬಟ್ಟೆ, ಹಸಿರು ಎಲೆ, ಎಲೆಯ ನರ ಮಾತ್ರ ಬೆಳ್ಳಿ ದಾರ. ಕಾಣದವರಿಗೆ ಇಷ್ಟು ಸಾಕಾ?'